ನೇಗಿಲು ನಿಂತ ಊರುಗಳು

1459ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದಲ್ಲಿ ಸಂಸತ್ತು ಸೇರಿತ್ತು. ಗದ್ದುಗೆಗಾಗಿ ಎರಡು ರಾಜಮನೆತನಗಳು ಕಾದಾಡುತ್ತಿದ್ದ ಕಾಲ ಅದು. ಎದುರಾಳಿಗಳನ್ನು ರಾಜದ್ರೋಹಿಗಳೆಂದು ಸಾರಿ ಅವರ ಆಸ್ತಿ ಕಿತ್ತುಕೊಳ್ಳುವುದೇ ಆ ಸಂಸತ್ತಿನ ಮುಖ್ಯ ಕಲಾಪವಾಗಿತ್ತು. ಅಂಥ ಗದ್ದಲದ ನಡುವೆ ಒಬ್ಬ ಪಾದ್ರಿ ಅರ್ಜಿ ಹಿಡಿದು ಬಂದ. ವಾರಿಕ್ ಪಟ್ಟಣದ ಹತ್ತಿರ ಗೈಸ್ ಕ್ಲಿಫ್ ಎಂಬಲ್ಲಿ ಒಂದು ಪುಟ್ಟ ಪ್ರಾರ್ಥನಾಲಯ ನೋಡಿಕೊಂಡಿದ್ದವನು, ಹೆಸರು ಜಾನ್ ರೌಸ್. ತನ್ನ ಸೀಮೆಯ ಹಳ್ಳಿಗಳು ಒಂದೊಂದಾಗಿ ಹಾಳು ಬೀಳುತ್ತಿವೆ, ಜಮೀನ್ದಾರರು ರೈತರನ್ನು ಒಕ್ಕಲೆಬ್ಬಿಸಿ ಹೊಲಗಳಿಗೆ ಬೇಲಿ ಬಿಗಿದು ಹುಲ್ಲುಗಾವಲು ಮಾಡುತ್ತಿದ್ದಾರೆ, ಇದನ್ನು ತಡೆಯಿರಿ ಎಂಬುದು ಅವನ ಅರ್ಜಿಯ ಸಾರ. ಯಾರೂ ಕಿವಿಗೊಡಲಿಲ್ಲ.

ರೌಸ್ ಅಷ್ಟಕ್ಕೇ ಬಿಡುವ ಜಾತಿಯವನಲ್ಲ. ಅವನಿಗೆ ಹಳೆಯ ಕಾಗದಪತ್ರಗಳ ಹುಚ್ಚಿತ್ತು. 1279ರಲ್ಲಿ ಒಂದನೆಯ ಎಡ್ವರ್ಡ್ ದೊರೆ ನಾಡಿನ ಜಮೀನು, ಒಕ್ಕಲು, ಗೇಣಿಗಳ ಲೆಕ್ಕ ತೆಗೆಸಿದ್ದ. ಆ ಕಡತಗಳಲ್ಲಿ ವಾರಿಕ್ ಸೀಮೆಯ ಲೆಕ್ಕವೂ ಇತ್ತು. ಯಾವ ಊರಲ್ಲಿ ಎಷ್ಟು ಒಕ್ಕಲಿತ್ತು ಎಂದು ಅದರಲ್ಲಿ ನೋಡುವುದು, ಈಗ ಅಲ್ಲಿ ಎಷ್ಟು ಮನೆಯಲ್ಲಿ ಒಲೆ ಉರಿಯುತ್ತಿದೆ ಎಂದು ತಾಳೆ ಹಾಕುವುದು. ಹೀಗೆ ಕೂಡಿಸಿದ ಪಟ್ಟಿಯನ್ನು ರೌಸ್ ತನ್ನ ಕೊನೆಗಾಲದಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲೆಂಡಿನ ದೊರೆಗಳ ಚರಿತ್ರೆಯಲ್ಲಿ ಸೇರಿಸಿದ. ದೊರೆಗಳ ಕಥೆ ಬಿಟ್ಟು ಹಾಳೂರುಗಳ ಹೆಸರು ಹೇಳುತ್ತ ಹೋಗುತ್ತಾನೆ: ಒಟ್ಟು 58. ಹೆಚ್ಚಿನವು ವಾರಿಕ್ಕಿನ ಆಸುಪಾಸಿನವೇ. 1492ರಲ್ಲಿ ಅವನು ತೀರಿಕೊಂಡ. ನಾಲ್ಕೂವರೆ ಶತಮಾನದ ಮೇಲೆ ಸಂಶೋಧಕರು ಆ ಪಟ್ಟಿ ಹಿಡಿದು ಹುಡುಕಿದಾಗ ಬಹುಪಾಲು ಊರುಗಳ ನೆಲೆ ಪತ್ತೆಯಾಯಿತು. ಪಾದ್ರಿ ಸುಳ್ಳು ಹೇಳಿರಲಿಲ್ಲ, ಹೆಚ್ಚು ಮಾಡಿಯೂ ಹೇಳಿರಲಿಲ್ಲ.

ಮಧ್ಯಯುಗದಲ್ಲಿ ಬಾಳಿ ಆಮೇಲೆ ಬೇಚಿರಾಕ್ ಆದ ಇಂಥ ಹಳ್ಳಿಗಳು ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ 3,000 ಇವೆ. ಎಲ್ಲವೂ ಒಂದೇ ಕಾರಣಕ್ಕೆ, ಒಂದೇ ಕಾಲಕ್ಕೆ ಹಾಳಾದವಲ್ಲ. ಕೆಲವನ್ನು ಸಮುದ್ರ ನುಂಗಿತು. ಕೆಲವನ್ನು ಹನ್ನೆರಡನೆಯ ಶತಮಾನದಲ್ಲಿ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ತಮ್ಮ ಏಕಾಂತಕ್ಕೆ ಅಡ್ಡಿಯೆಂದು ಎತ್ತಿಸಿದರು. ಇನ್ನು ಕೆಲವನ್ನು ಬಹಳ ಕಾಲದ ಮೇಲೆ ಶ್ರೀಮಂತರು ತಮ್ಮ ಬಂಗಲೆಯ ಕಿಟಕಿಯಿಂದ ಕಾಣಬಾರದೆಂದು ಕೆಡವಿದರು. ಆದರೆ ಸುಮಾರು 1450ರಿಂದ 1520ರ ತನಕದ ಎಪ್ಪತ್ತು ವರ್ಷಗಳಲ್ಲಿ, ದೇಶದ ನಡುಭಾಗದ ವಾರಿಕ್‌ಶೈರ್, ಲೆಸ್ಟರ್‌ಶೈರ್, ನಾರ್ಥಾಂಪ್ಟನ್‌ಶೈರ್‌ಗಳಲ್ಲಿ, ಉತ್ತರದ ಯಾರ್ಕ್‌ಶೈರ್‌ನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಹಾಳಾದ ಊರುಗಳ ಕಥೆ ಬೇರೆ. ಅಲ್ಲಿ ಜನ ಹೋದ ಜಾಗಕ್ಕೆ ಕುರಿ ಬಂತು.

ಆ ಊರುಗಳು ಹೇಗಿದ್ದವು ಎಂದು ತಿಳಿಯದೆ ಬೇಲಿಯ ಪೆಟ್ಟು ಎಂಥದೆಂದು ಅರ್ಥವಾಗದು. ಊರಿನ ಸುತ್ತ ಎರಡೋ ಮೂರೋ ವಿಶಾಲವಾದ ಬಯಲು ಹೊಲಗಳು. ನಡುವೆ ಬೇಲಿ ಇಲ್ಲ. ಪ್ರತಿಯೊಂದು ಹೊಲವೂ ನೂರಾರು ಉದ್ದನೆಯ ಪಟ್ಟಿಗಳಾಗಿ ಹಂಚಿಹೋಗಿರುತ್ತಿತ್ತು. ಒಬ್ಬ ರೈತನ ಜಮೀನು ಒಂದೇ ಕಡೆ ಇರುತ್ತಿರಲಿಲ್ಲ. ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ, ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರಿಗೂ ಬರುವ ಹಾಗೆ. ವರ್ಷಕ್ಕೊಂದು ಹೊಲವನ್ನು ಬೀಳು ಬಿಡುತ್ತಿದ್ದರು. ಕೊಯ್ಲಾದ ಮೇಲೆ ಕೂಳೆಯಲ್ಲಿ ಊರ ದನಕುರಿಯೆಲ್ಲ ಒಟ್ಟಿಗೆ ಮೇಯಬೇಕು. ಯಾವಾಗ ಉಳಬೇಕು, ಯಾವಾಗ ಬಿತ್ತಬೇಕು, ದನ ಯಾವಾಗ ಬಿಡಬೇಕು ಎಂಬುದೆಲ್ಲ ಊರ ಕಟ್ಟಳೆ. ಒಬ್ಬನೇ ಬೇಸಾಯ ಮಾಡಲು ಬರುವಂಥ ವ್ಯವಸ್ಥೆಯೇ ಅಲ್ಲ ಅದು. ಭಾರದ ನೇಗಿಲಿಗೆ ಎಂಟೆಂಟು ಎತ್ತು ಕಟ್ಟುತ್ತಿದ್ದರು, ಅಷ್ಟು ಎತ್ತು ಒಬ್ಬನ ಕೊಟ್ಟಿಗೆಯಲ್ಲಿ ಇರುವುದು ಅಪರೂಪ. ನಾಲ್ಕು ಮನೆಯವರು ಎತ್ತು ಕೂಡಿಸಿದರೆ ಒಂದು ನೇಗಿಲು ಹೊಲಕ್ಕಿಳಿಯುತ್ತಿತ್ತು. ಆದ್ದರಿಂದಲೇ ಊರಲ್ಲಿ ಒಂದಷ್ಟು ಮನೆ ಖಾಲಿಯಾದರೆ ಉಳಿದವರ ಉಳುಮೆಯೂ ಕುಂಟುತ್ತಿತ್ತು.

ಆ ಎಂಟು ಎತ್ತಿನ ಸಾಲು ಇಂದಿಗೂ ನೆಲದ ಮೇಲೆ ಕಾಣುತ್ತದೆ. ಅಷ್ಟುದ್ದದ ಸಾಲನ್ನು ಹೊಲದ ಅಂಚಿನಲ್ಲಿ ತಿರುಗಿಸಬೇಕಾದರೆ ಮುಂಚಿನಿಂದಲೇ ಒಂದು ಕಡೆಗೆ ವಾಲಿಸಿಕೊಂಡು ಬರಬೇಕು. ಹಾಗಾಗಿ ಉತ್ತ ಪಟ್ಟಿ ನೆಟ್ಟಗಿರದೆ ಎರಡೂ ತುದಿಯಲ್ಲಿ ಎದುರುಬದುರು ದಿಕ್ಕಿಗೆ ಬಾಗಿರುತ್ತಿತ್ತು. ಪ್ರತಿ ಬಾರಿಯೂ ಮಣ್ಣನ್ನು ಪಟ್ಟಿಯ ನಡುವಿಗೆ ಮಗುಚುತ್ತಿದ್ದುದರಿಂದ ನಡು ಉಬ್ಬಿ, ಅಂಚು ತಗ್ಗಾಗಿ, ಹೊಲವೆಲ್ಲ ದಿಂಡು ದಿಂಡಾಗಿ ಏಳುತ್ತಿತ್ತು. ಇಂಗ್ಲೆಂಡಿನ ನಡುನಾಡಿನ ಹುಲ್ಲುಗಾವಲುಗಳಲ್ಲಿ ಸಂಜೆಯ ಓರೆ ಬಿಸಿಲು ಬಿದ್ದಾಗ ಈ ದಿಂಡುಗಳು ನೆರಳು ಚೆಲ್ಲಿ ಎದ್ದು ತೋರುತ್ತವೆ. ಮುಂದೆಯೂ ಉಳುತ್ತಲೇ ಇದ್ದ ಕಡೆ ಈ ಗುರುತು ಅಳಿಸಿಹೋಗಿದೆ. ಕುರಿಗೆಂದು ಹುಲ್ಲು ಬಿಟ್ಟ ಕಡೆಯೇ, ಕೊನೆಯ ಸಲ ಉತ್ತವನು ಬಿಟ್ಟುಹೋದ ಆಕಾರದಲ್ಲೇ, ಆ ಹೊಲ ಹಾಗೆಯೇ ಕುಳಿತಿದೆ.

ಕಥೆಯ ಮೊದಲ ಪೆಟ್ಟು ಕುರಿಯದಲ್ಲ, ಪಿಡುಗಿನದು. 1348ರ ಬೇಸಿಗೆಯಲ್ಲಿ ದಕ್ಷಿಣದ ಬಂದರಿಗೆ ಬಂದಿಳಿದ ಪ್ಲೇಗ್ ಮರುವರ್ಷ ಮುಗಿಯುವುದರೊಳಗೆ ಇಡೀ ದೇಶವನ್ನು ಸುತ್ತಿತು. ಮೂರರಲ್ಲಿ ಒಂದು ಪಾಲು, ಹಲವು ಕಡೆ ಅರ್ಧದಷ್ಟು ಜನ ಸತ್ತರು. 1361ರಲ್ಲಿ ಮತ್ತೆ ಬಂತು, ಆಮೇಲೂ ಬರುತ್ತಲೇ ಇತ್ತು. 1300ರ ಹೊತ್ತಿಗೆ ಐದು ದಶಲಕ್ಷದ ಆಚೀಚೆ ಇದ್ದ ಇಂಗ್ಲೆಂಡಿನ ಜನಸಂಖ್ಯೆ ಶತಮಾನ ಮುಗಿಯುವಾಗ ಅದರ ಅರ್ಧಕ್ಕೆ ಇಳಿದಿತ್ತು. ಮುಂದಿನ ನೂರು ವರ್ಷವೂ ಏಳಲಿಲ್ಲ. ಆದರೂ ಪ್ಲೇಗ್ ಬಂದ ಕೂಡಲೇ ಊರಿಗೆ ಊರೇ ನಿರ್ನಾಮವಾದದ್ದು ಬಹಳ ಕಡಿಮೆ. ಬದುಕಿ ಉಳಿದವರಿಗೆ ಒಂದು ಲೆಕ್ಕದಲ್ಲಿ ಅದು ಒಳ್ಳೆಯ ಕಾಲವೇ. ಜಮೀನು ಬೇಕಾದಷ್ಟಿತ್ತು, ಗೇಣಿ ಇಳಿದಿತ್ತು, ಕೂಲಿ ಏರಿತ್ತು. ಸೌಕರ್ಯ ಕಡಿಮೆಯಿದ್ದ ಊರಿನವನು ಹೆಚ್ಚಿದ್ದ ಊರಿಗೆ ನಡೆದ. ಧಣಿಯ ಬಿಟ್ಟಿ ಕೆಲಸ ಮಾಡಿಕೊಂಡಿದ್ದ ಒಕ್ಕಲು ಮಕ್ಕಳು ಪಟ್ಟಣ ಸೇರಿದರು.

ಧಣಿಗಳಿಗೆ ಇದು ಕಷ್ಟಕಾಲ. ತಿನ್ನುವ ಬಾಯಿ ಕಡಿಮೆಯಾದ್ದರಿಂದ ಧಾನ್ಯಕ್ಕೆ ಬೆಲೆ ಇಲ್ಲ. ಉಳಲು ಆಳು ಸಿಕ್ಕರೆ ಕೂಲಿ ಹೆಚ್ಚು. ಗೇಣಿಗೆ ಬರುವವರಿಲ್ಲ. ಆಗ ಅವರ ಕಣ್ಣು ಉಣ್ಣೆಯ ಮೇಲೆ ಬಿತ್ತು. ಉಣ್ಣೆ ಇಂಗ್ಲೆಂಡಿಗೆ ಹೊಸದೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ವರ್ಷಕ್ಕೆ 40,000ಕ್ಕೂ ಹೆಚ್ಚು ಚೀಲ ಉಣ್ಣೆ ಹಡಗೇರುತ್ತಿದ್ದ ವರ್ಷಗಳಿದ್ದವು. ಒಂದು ಚೀಲಕ್ಕೆ 364 ಪೌಂಡ್, ಇನ್ನೂರಕ್ಕೂ ಹೆಚ್ಚು ಕುರಿಗಳ ಉಣ್ಣೆ. ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸಭಾಪತಿ ಇಂದಿಗೂ ಕೂರುವುದು ಉಣ್ಣೆ ತುಂಬಿದ ಆಸನದ ಮೇಲೆ, ಅದು ಆ ಕಾಲದಿಂದ ಬಂದ ಪದ್ಧತಿ. ಹದಿನೈದನೆಯ ಶತಮಾನದಲ್ಲಿ ಉಣ್ಣೆಗಿಂತ ಉಣ್ಣೆಬಟ್ಟೆಯ ರಫ್ತು ಹೆಚ್ಚಿತು. ಹಳ್ಳಿ ಹಳ್ಳಿಗಳಲ್ಲಿ ಮಗ್ಗ ಬಂತು, ಲಂಡನ್ನಿನ ವರ್ತಕರು ಬಟ್ಟೆಯನ್ನು ಆಂಟ್‌ವರ್ಪ್‌ಗೆ ಸಾಗಿಸಿದರು. ಧಣಿಗೆ ಬೇಕಾದದ್ದು ಇಷ್ಟೇ ಲೆಕ್ಕ: ಹತ್ತಾರು ಕುಟುಂಬ ಉತ್ತು ಬಿತ್ತಿ ಕೊಡುವ ಗೇಣಿಗಿಂತ ಅದೇ ನೆಲದಲ್ಲಿ ಒಬ್ಬ ಕುರಿಗಾಹಿ, ಒಂದು ನಾಯಿ, ಕೆಲವು ನೂರು ಕುರಿಗಳಿಂದ ಬರುವ ಲಾಭ ಹೆಚ್ಚು. ಕುರಿಗೆ ಬಯಲು ಹೊಲದ ಊರ ಕಟ್ಟಳೆ ಬೇಡ. ಮುಳ್ಳುಬೇಲಿ ಮತ್ತು ಕಂದಕ ಸಾಕು.

ಈಗ ಒಂದು ಊರನ್ನು ಹತ್ತಿರದಿಂದ ನೋಡೋಣ. ವಾರಿಕ್‌ಶೈರ್‌ನ ಅಂಚಿನಲ್ಲಿ, ರೋಮನ್ನರ ಕಾಲದ ವಾಟ್ಲಿಂಗ್ ರಸ್ತೆಯ ಹತ್ತಿರ, ಸ್ಟ್ರೆಟನ್ ಬಾಸ್ಕರ್‌ವಿಲ್ ಎಂಬ ಹಳ್ಳಿಯಿತ್ತು. ಅದರ ಜಮೀನ್ದಾರ ಥಾಮಸ್ ಟ್ವೈಫರ್ಡ್ ಎಂಬವನು 1489ರ ಸುಮಾರಿಗೆ ಏಳು ಒಕ್ಕಲು ಮನೆಗಳನ್ನು ಕೆಡವಿ 160 ಎಕರೆ ಹೊಲವನ್ನು ಹುಲ್ಲಿಗೆ ಬಿಟ್ಟ. ಆಮೇಲೆ ಊರನ್ನು ಹೆನ್ರಿ ಸ್ಮಿತ್‌ಗೆ ಮಾರಿದ. ಸ್ಮಿತ್ ಉಳಿದದ್ದನ್ನು ಮುಗಿಸಿದ. 1494ರ ಡಿಸೆಂಬರ್ 6ರಂದು 12 ಒಕ್ಕಲು ಮನೆ, 4 ಗುಡಿಸಲು, 640 ಎಕರೆ ಉಳುವ ಭೂಮಿ ಎಲ್ಲಕ್ಕೂ ಬೇಲಿ ಬಿತ್ತು. ಅಲ್ಲಿ ದುಡಿದು ಬದುಕುತ್ತಿದ್ದ 80 ಜನರನ್ನು ಹೊರದೂಡಲಾಯಿತು. ಅವರು ಅಳುತ್ತ ಹೋದರು, ಕೆಲಸವಿಲ್ಲದೆ ಅಲೆದರು, ದಿಕ್ಕಿಲ್ಲದೆ ಬದುಕು ಮುಗಿಸಿದರು ಎಂದು ಇಪ್ಪತ್ತಮೂರು ವರ್ಷದ ಮೇಲೆ ಸರಕಾರದ ವಿಚಾರಣೆಯಲ್ಲಿ ಸಾಕ್ಷಿಗಳ ಹೇಳಿಕೆ ದಾಖಲಾಯಿತು. ಊರಿನ ಚರ್ಚು ಹಾಳು ಬಿದ್ದು ದನಕರುಗಳು ನಿಲ್ಲುವ ಕೊಟ್ಟಿಗೆಯಾಗಿತ್ತು. ಚರ್ಚಿನಂಗಳದಲ್ಲಿ ಆ ಊರಿನವರ ಹಿರಿಯರನ್ನು ಹೂತಿದ್ದರು.

ಡಿಸೆಂಬರ್ 6 ಎಂಬ ತಾರೀಖನ್ನು ಓದುವಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅಲ್ಲಿಯ ಚಳಿಗಾಲ ಎಂಥದು, ಅಕ್ಟೋಬರಿನಲ್ಲಿ ಬಿತ್ತಿದ ಗೋಧಿ ಆ ಹೊತ್ತಿಗೆ ಮೊಳೆತು ಎಷ್ಟೆತ್ತರ ಬಂದಿರುತ್ತದೆ, ಕ್ರಿಸ್‌ಮಸ್ಸಿಗೆ ಇನ್ನೆಷ್ಟು ದಿನ ಎಂಬುದೆಲ್ಲ ಸ್ಮಿತ್‌ಗೂ ಗೊತ್ತಿತ್ತು. ದಾಖಲೆಯಲ್ಲಿ ಅವನ ಹೆಸರಿದೆ, ಟ್ವೈಫರ್ಡನ ಹೆಸರಿದೆ, ಎಕರೆಯ ಲೆಕ್ಕ, ಮನೆಯ ಲೆಕ್ಕ, ಜಮೀನಿನ ವಾರ್ಷಿಕ ಬೆಲೆ ಎಲ್ಲವೂ ಇದೆ. ಹೋದ 80 ಜನರಲ್ಲಿ ಒಬ್ಬರ ಹೆಸರೂ ಇಲ್ಲ.

ಹಾಗಾದರೆ ಅವರಿಗೆ ಕಾನೂನಿನ ರಕ್ಷಣೆ ಇರಲಿಲ್ಲವೇ? ಕೆಲವರಿಗೆ ಇತ್ತು. ಸ್ವಂತ ಹಕ್ಕಿನ ಜಮೀನುಳ್ಳ ರೈತನನ್ನು ಎಬ್ಬಿಸಲು ಧಣಿಗೆ ಬರುತ್ತಿರಲಿಲ್ಲ. ಅಂಥವರು ಹೆಚ್ಚಿದ್ದ ಊರುಗಳು ಹೆಚ್ಚಾಗಿ ಉಳಿದುಕೊಂಡವು. ಧಣಿಯ ಕಚೇರಿಯ ಪುಸ್ತಕದಲ್ಲಿ ಹೆಸರು ಬರೆಸಿ ನಕಲು ಪಡೆದ ಗೇಣಿದಾರನಿಗೆ ಅರೆಬರೆ ಭದ್ರತೆ. ಅವನು ಸತ್ತು ಮಗನ ಹೆಸರಿಗೆ ಮಾಡಿಸುವಾಗ ಕೊಡಬೇಕಾದ ಕಾಣಿಕೆಯನ್ನು ಧಣಿ ವಿಪರೀತ ಏರಿಸಿದರೆ ಆ ಭದ್ರತೆಯೂ ಕಾಗದದಲ್ಲೇ ಉಳಿಯುತ್ತಿತ್ತು. ಧಣಿಯ ಮರ್ಜಿ ಇರುವ ತನಕ ಮಾತ್ರ ಉಳುವವರಿಗೆ ಯಾವ ಆಧಾರವೂ ಇರಲಿಲ್ಲ. ಪ್ಲೇಗಿನ ನಂತರ ಕಡಿಮೆ ಗೇಣಿಗೆ, ಬಾಯಿಮಾತಿನ ಕರಾರಿನ ಮೇಲೆ ಜಮೀನು ಹಿಡಿದವರು ಆ ಊರುಗಳಲ್ಲಿ ಬಹಳ ಮಂದಿ. ಒಳ್ಳೆಯ ದಿನಗಳಲ್ಲಿ ಅನುಕೂಲವಾಗಿದ್ದ ಕರಾರೇ ಆಮೇಲೆ ಅವರಿಗೆ ಮುಳುವಾಯಿತು.

ಜಮೀನ್ದಾರರಷ್ಟೇ ಅಲ್ಲ, ಧರ್ಮಪೀಠಗಳೂ ಇದನ್ನು ಮಾಡಿದವು. ಲೆಸ್ಟರ್ ಪಟ್ಟಣದ ಮಠವು ಇಂಗರ್ಸ್‌ಬಿ ಎಂಬ ಹಳ್ಳಿಯನ್ನು 1352ರಲ್ಲಿ ತನ್ನ ವಶಕ್ಕೆ ತೆಗೆದುಕೊಂಡಿತ್ತು, 1469ರಲ್ಲಿ ಅದಕ್ಕೆ ಬೇಲಿ ಹಾಕಿತು. ಪ್ಲೇಗ್ ಬಂದುಹೋದ ಕೆಲವೇ ವರ್ಷಕ್ಕೆ ಕೊಂಡದ್ದು, ನೂರು ವರ್ಷ ಕಾದು ಬೇಲಿ ಬಿಗಿದದ್ದು. ಇಂದು ಇಂಗರ್ಸ್‌ಬಿಯ ದಿಬ್ಬದ ಮೇಲೆ ನಿಂತರೆ ಹಳೆಯ ಬೀದಿ ಒಂದು ಆಳದ ಹಳ್ಳವಾಗಿ, ಎರಡೂ ಬದಿಯ ಮನೆಯ ಪಾಯ ಹುಲ್ಲು ಮುಚ್ಚಿದ ಚೌಕಗಳಾಗಿ ಕಾಣುತ್ತದೆ. ಹಾಳೂರುಗಳ ನೆಲೆಗಳಲ್ಲಿ ಇಷ್ಟು ಸ್ಪಷ್ಟವಾಗಿ ಉಳಿದದ್ದು ಕಡಿಮೆ.

ರೌಸ್ ಅರ್ಜಿ ಕೊಟ್ಟು ಮೂವತ್ತು ವರ್ಷವಾದ ಮೇಲೆ, 1489ರಲ್ಲಿ, ಸಂಸತ್ತು ಕೊನೆಗೂ ಊರು ಕೆಡಹುವುದರ ವಿರುದ್ಧ ಕಾಯ್ದೆ ಮಾಡಿತು. ಹಿಂದೆ ಇನ್ನೂರು ಜನ ದುಡಿದುಣ್ಣುತ್ತಿದ್ದ ಕಡೆ ಈಗ ಇಬ್ಬರು ಮೂವರು ಕುರಿಗಾಹಿಗಳಿದ್ದಾರೆ ಎಂಬ ಅಳಲು ಅದರ ಪೀಠಿಕೆಯಲ್ಲಿಯೇ ಇದೆ. ಆದರೆ ಸರಕಾರಕ್ಕೆ ನಿಜವಾದ ಚಿಂತೆ ಬೇರೆಯದು. ಊರು ಹಾಳಾದರೆ ಕಂದಾಯ ಹೋಗುತ್ತದೆ, ಯುದ್ಧಕ್ಕೆ ಬಿಲ್ಲು ಹಿಡಿದು ಬರುವ ಆಳು ಸಿಗುವುದಿಲ್ಲ, ಅಲೆಮಾರಿಗಳು ಹೆಚ್ಚುತ್ತಾರೆ. 20 ಎಕರೆಗೆ ಕಡಿಮೆಯಿಲ್ಲದ ಜಮೀನಿರುವ ಮನೆಗಳನ್ನು ಮಾತ್ರ ಕಾಯ್ದೆ ಕಾಪಾಡಿತು. ಕೂಲಿಯವನ ಗುಡಿಸಲು ಅದರ ಲೆಕ್ಕಕ್ಕೇ ಇಲ್ಲ. ಇನ್ನು ದಂಡದ ಕ್ರಮ: ತಪ್ಪು ಮಾಡಿದವನ ಜಮೀನಿನ ಆದಾಯದಲ್ಲಿ ಅರ್ಧವನ್ನು ಅವನ ಮೇಲಿನ ಧಣಿ ಎಳೆದುಕೊಳ್ಳಬಹುದು. ಆ ಮೇಲಿನ ಧಣಿಯ ಇನ್ನೊಂದು ಊರಲ್ಲೂ ಬೇಲಿ ಏಳುತ್ತಿದ್ದರೆ ಅವನು ಯಾಕೆ ಕೈ ಹಾಕುತ್ತಾನೆ? ಕಾಯ್ದೆ ಜಾರಿ ಮಾಡಬೇಕಾದ ಜಿಲ್ಲೆಯ ನ್ಯಾಯಾಧಿಕಾರಿಗಳೂ ಕುರಿ ಸಾಕುವ ಜಮೀನ್ದಾರರೇ. ಸ್ಟ್ರೆಟನ್ ಬಾಸ್ಕರ್‌ವಿಲ್ ಕೊನೆಯಾದದ್ದು ಈ ಕಾಯ್ದೆ ಬಂದು ಐದು ವರ್ಷವಾದ ಮೇಲೆ ಎಂಬುದೊಂದೇ ಸಾಕು.

1517ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಕಾರ್ಡಿನಲ್ ವೂಲ್ಸಿ ಬಿಗಿ ಮಾಡಿದ. ಮಾಂಸದಂಗಡಿಯವನ ಮಗನಾಗಿ ಹುಟ್ಟಿ ರಾಜ್ಯದ ಎರಡನೆಯ ಮನುಷ್ಯನಾದ ಅವನಿಗೆ ಜಮೀನ್ದಾರರ ಹಂಗು ಕಡಿಮೆ. 1488ರಿಂದೀಚೆಗೆ ಎಲ್ಲೆಲ್ಲಿ ಮನೆ ಕೆಡವಿದ್ದಾರೆ, ಎಷ್ಟು ನೇಗಿಲು ನಿಲ್ಲಿಸಿದ್ದಾರೆ, ಎಷ್ಟು ಜನ ಹೊರಬಿದ್ದಿದ್ದಾರೆ ಎಂದು ಜಿಲ್ಲೆಜಿಲ್ಲೆಗೆ ಅಧಿಕಾರಿಗಳನ್ನು ಕಳಿಸಿ ಸಾಕ್ಷಿ ಹೇಳಿಸಿದ. ಸ್ಟ್ರೆಟನ್ನಿನ 80 ಜನರ ಸುದ್ದಿ ನಮಗೆ ಸಿಗುವುದು ಈ ವಿಚಾರಣೆಯಿಂದಲೇ. ಅದರಲ್ಲಿ 1488ಕ್ಕಿಂತ ಮೊದಲಿನದು ಏನೂ ಇಲ್ಲ. ರೌಸ್ ಪಟ್ಟಿ ಮಾಡಿದ ಊರುಗಳೆಲ್ಲ ಆ ಹೊತ್ತಿಗೆ ಹೋಗಿ ಆಗಿತ್ತು. ಬೇಲಿಯ ಅತಿ ದೊಡ್ಡ ಅಲೆ ಇಳಿದ ಮೇಲೆ ಸರಕಾರ ಎಣಿಸಲು ಬಂತು. ಈ ವಿಚಾರಣೆಯ ಹಿಂದಿನ ವರ್ಷವೇ ಲೇಖಕ ಥಾಮಸ್ ಮೋರ್ ತನ್ನ ಲ್ಯಾಟಿನ್ ಪುಸ್ತಕದಲ್ಲಿ ಇಂಗ್ಲೆಂಡಿನ ಕುರಿಗಳನ್ನು ನರಭಕ್ಷಕಗಳಂತೆ ಚಿತ್ರಿಸಿದ್ದ. ಓದಿದವರು ಮರೆಯದ ಚಿತ್ರ ಅದು. ಅದು ಬಂದದ್ದೂ ತಡವಾಗಿಯೇ.

ವಿಚಾರಣೆಗೆ ಸಿಕ್ಕವರಲ್ಲಿ ವಾರಿಕ್‌ಶೈರ್‌ನ ಜಾನ್ ಸ್ಪೆನ್ಸರ್ ಒಬ್ಬ. ವರ್ಮ್‌ಲೇಟನ್ ಎಂಬ ಊರನ್ನು ಅವನು 1506ರಲ್ಲಿ ಕೊಂಡಿದ್ದ. ಅದಕ್ಕೂ ಮೊದಲು, 1498ರ ಸುಮಾರಿಗೆ, ರಾಜನ ಮನೆವಾರ್ತೆಯ ಅಧಿಕಾರಿಯಾಗಿದ್ದ ವಿಲಿಯಂ ಕೋಪ್ ಅಲ್ಲಿ 60 ಜನರನ್ನು ಎಬ್ಬಿಸಿ ಬೇಲಿ ಹಾಕಿ ಮುಗಿಸಿದ್ದ. ಬೇಲಿ ಕಿತ್ತು ಮತ್ತೆ ಉಳುಮೆ ಮಾಡಿಸು ಎಂದು ಅಪ್ಪಣೆಯಾದಾಗ ಸ್ಪೆನ್ಸರ್ ದೊರೆಗೆ ಮನವಿ ಬರೆದ. ಊರು ಕೆಡವಿದ್ದು ನಾನಲ್ಲ, ನಾನು ಬಂದು ಮನೆ ಕಟ್ಟಿಸಿದೆ, ಚರ್ಚು ದುರಸ್ತಿ ಮಾಡಿಸಿದೆ, ಸೌದೆಗೂ ಗತಿಯಿಲ್ಲದ ಸೀಮೆಯಲ್ಲಿ ಮರ ಬೆಳೆಸಿದೆ ಎಂದು ವಾದಿಸಿದ. ಅವನು ಹೇಳಿದ್ದರಲ್ಲಿ ನಿಜವೂ ಇತ್ತು. ಅವನ ಕುರಿಹಿಂಡು ಉಳಿಯಿತು. ಅದೇ ಹಣದಲ್ಲಿ ನಾರ್ಥಾಂಪ್ಟನ್‌ಶೈರ್‌ನ ಆಲ್ಥಾರ್ಪ್ ಎಸ್ಟೇಟ್ 1508ರಲ್ಲಿ ಆ ಮನೆತನಕ್ಕೆ ಬಂತು. ಇಪ್ಪತ್ತನೆಯ ಶತಮಾನದಲ್ಲಿ ಜಗತ್ತೇ ಗುರುತಿಸಿದ ಡಯಾನಾ ಸ್ಪೆನ್ಸರ್ ಈ ವಂಶದವಳು, ಅವಳ ಸಮಾಧಿ ಇರುವುದೂ ಆಲ್ಥಾರ್ಪ್‌ನಲ್ಲಿಯೇ. ಕೋಪ್ ಎಬ್ಬಿಸಿದ 60 ಜನರ ವಂಶದವರೂ ಎಲ್ಲೋ ಇರಬೇಕು, ಅವರಿಗೆ ಅದು ಗೊತ್ತಾಗುವ ದಾರಿಯಿಲ್ಲ.

ಮುಂದೆ ಕಾಯ್ದೆಗಳು ಬರುತ್ತಲೇ ಹೋದವು. 1534ರಲ್ಲಿ ಒಬ್ಬರು 2,400ಕ್ಕಿಂತ ಹೆಚ್ಚು ಕುರಿ ಸಾಕಕೂಡದೆಂದು ಮಿತಿ ಹಾಕಿದರು. 20,000, 24,000 ಕುರಿ ಇಟ್ಟುಕೊಂಡವರಿದ್ದಾರೆಂದು ಆ ಕಾಯ್ದೆಯೇ ಹೇಳುತ್ತದೆ. ಮಿತಿಯಿಂದ ಹೆಚ್ಚೇನೂ ಆಗಲಿಲ್ಲ.

ಹಾಳಾದ ಊರುಗಳನ್ನು ಜನ ಮೆಲ್ಲಗೆ ಮರೆತರು. ಇಪ್ಪತ್ತನೆಯ ಶತಮಾನದ ನಡುವಿನ ತನಕ ದೊಡ್ಡ ಇತಿಹಾಸಕಾರರು ಕೂಡ ಇಂಥ ಊರುಗಳು ಅಪರೂಪ, ಹಳಬರ ಗೋಳಾಟ ಅತಿಯಾಯಿತು ಎಂದು ಭಾವಿಸಿದ್ದರು. ಆ ನಂಬಿಕೆಯನ್ನು ಕೆಡವಿದವರು ಮಾರಿಸ್ ಬೆರೆಸ್‌ಫರ್ಡ್. ವಾರಿಕ್‌ಶೈರ್‌ನ ರಗ್ಬಿ ಪಟ್ಟಣದಲ್ಲಿ ವಯಸ್ಕರ ಶಿಕ್ಷಣದ ಕೆಲಸದಲ್ಲಿದ್ದ ಅವರು ಹಳೆಯ ಹೊಲಗಳ ನಕ್ಷೆ ಮಾಡುತ್ತ ಅಡ್ಡಾಡುವಾಗ ಹುಲ್ಲುಗಾವಲಿನ ಉಬ್ಬುತಗ್ಗುಗಳನ್ನು ಗಮನಿಸತೊಡಗಿದರು. ಉಳುಮೆಯ ದಿಂಡುಗಳು ಒಂದು ಕಡೆ ಬಂದು ನಿಲ್ಲುತ್ತವೆ, ಅಲ್ಲಿಂದಾಚೆ ಚೌಕ ಚೌಕವಾದ ತಿಟ್ಟು, ನಡುವೆ ಓಣಿಯಂಥ ತಗ್ಗು. ಕಂದಾಯದ ಹಳೆಯ ಪಟ್ಟಿ, 1517ರ ವಿಚಾರಣೆ, ರೌಸ್‌ನ ಹೆಸರುಗಳು, ವಿಮಾನದಿಂದ ತೆಗೆದ ಚಿತ್ರಗಳು, ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿದಾಗ ಅವು ಊರುಗಳೆಂದು ಖಚಿತವಾಯಿತು. 1954ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದ ಇಂಗ್ಲೆಂಡಿನ ಸಾಮಾನ್ಯ ಓದುಗರಿಗೆ ಈ ಊರುಗಳ ಅರಿವಾಯಿತು.

ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಬೆರೆಸ್‌ಫರ್ಡ್ ಯಾರ್ಕ್‌ಶೈರ್‌ನ ವಾರಮ್ ಪರ್ಸಿ ಎಂಬ ಹಾಳೂರಿನಲ್ಲಿ 1950ರಲ್ಲಿ ಗುದ್ದಲಿ ಹಾಕಿದರು. 1952ರಲ್ಲಿ ಪುರಾತತ್ವಜ್ಞ ಜಾನ್ ಹರ್ಸ್ಟ್ ಜೊತೆಗೂಡಿದರು. ಅಲ್ಲಿಂದ 1990ರ ತನಕ ಪ್ರತಿ ಬೇಸಿಗೆಯಲ್ಲೂ ವಿದ್ಯಾರ್ಥಿಗಳು, ಶಿಕ್ಷಕರು, ಆಸಕ್ತ ಜನ ಬಂದು ಅಲ್ಲೇ ತಂಗಿ ಅಗೆದರು. ಅರಮನೆ, ಕೋಟೆ, ದೇವಾಲಯಗಳನ್ನು ಮಾತ್ರ ಅಗೆಯುತ್ತಿದ್ದ ಶಾಸ್ತ್ರ, ಹೆಸರಿಲ್ಲದ ರೈತರ ಮನೆಯಂಗಳವನ್ನು ನಾಲ್ಕು ದಶಕ ಅಷ್ಟೇ ಶ್ರದ್ಧೆಯಿಂದ ಅಗೆದದ್ದು ದೊಡ್ಡ ಸಂಗತಿಯೆಂದು ನನ್ನ ಭಾವನೆ.

ಅಲ್ಲಿ ಸಿಕ್ಕದ್ದೇನು? ಗುಡ್ಡದ ಮೇಲೆ ಸಾಲಾಗಿ ಮನೆಗಳು, ಪ್ರತಿ ಮನೆಗೂ ಹಿಂದೆ ಹಿತ್ತಲು, ಕೆಳಗೆ ಕಣಿವೆಯಲ್ಲಿ ಚರ್ಚು ಮತ್ತು ಕೊಳ. ಕೆಲವು ಉದ್ದನೆಯ ಮನೆಗಳಲ್ಲಿ ಒಂದು ತುದಿಗೆ ಜನ, ಇನ್ನೊಂದು ತುದಿಗೆ ದನ. ಕೀಲಿಕೈಗಳೂ ಬೀಗಗಳೂ ದೊರೆತವು. ಕಾಪಾಡಿಕೊಳ್ಳಬೇಕಾದ ಏನೋ ಒಂದು ಆ ಮನೆಗಳಲ್ಲಿ ಇತ್ತೆಂದಾಯಿತು. ಸಮುದ್ರದ ಮೀನಿನ ಮುಳ್ಳು ಕಂಡಿತು. ಮನೆಯ ನೆಲ ಕೆಲವು ಕಡೆ ನಡುವಿನಲ್ಲಿ ಬಟ್ಟಲಿನಂತೆ ತಗ್ಗಾಗಿತ್ತು. ಹೆಂಗಸರು ದಿನವೂ ಕಸ ಗುಡಿಸಿ ಗುಡಿಸಿ ಮಣ್ಣಿನ ನೆಲವೇ ಸವೆದು ಹಾಗಾಗಿದೆ ಎಂದು ಅಗೆದವರು ಅರ್ಥ ಮಾಡಿದರು. ಕೊಳಕು ಗುಡಿಸಲಲ್ಲಿ ಹಂದಿಯಂತೆ ಬದುಕಿದವರು ಎಂದು ಮಧ್ಯಯುಗದ ಬಡ ರೈತರ ಬಗ್ಗೆ ಬರೆದವರಿಗೆ ಆ ತಗ್ಗಿಗಿಂತ ಬೇರೆ ಉತ್ತರ ಬೇಡ.

ಚರ್ಚಿನಂಗಳದಿಂದ ಸುಮಾರು 700 ಅಸ್ಥಿಪಂಜರಗಳು ಹೊರಬಂದವು. ಮೂಳೆಗಳನ್ನು ಅಳೆದವರು ಹೇಳುವಂತೆ ಅಲ್ಲಿಯ ಹದಿನಾಲ್ಕು ವರ್ಷದ ಮಗುವಿನ ಎತ್ತರ ಇಂದಿನ ಹತ್ತು ವರ್ಷದ ಮಗುವಿನಷ್ಟು. ಹೊಟ್ಟೆಗೆ ಸಾಲದೆ, ಕಾಯಿಲೆ ಬಿದ್ದು, ಮೈ ಬೆಳೆದಿರಲಿಲ್ಲ. ತಾಯಂದಿರು ಮಕ್ಕಳಿಗೆ ಒಂದೂವರೆ ವರ್ಷದವರೆಗೂ ಮೊಲೆಹಾಲು ಕೊಡುತ್ತಿದ್ದರೆಂಬುದನ್ನೂ ಅದೇ ಮೂಳೆಗಳಿಂದ ತಿಳಿದರು. ಊರು ಸ್ವರ್ಗವಾಗಿರಲಿಲ್ಲ. ಬೇಲಿ ಕೆಡಿಸಿದ್ದು ಒಂದು ಸುಖದ ಬಾಳನ್ನು ಎಂದು ನಾನು ಹೇಳುವುದಿಲ್ಲ. ಕಷ್ಟದಲ್ಲಿ ಕಟ್ಟಿಕೊಂಡದ್ದೊಂದು ಅಲ್ಲಿತ್ತು.

ಆ ಊರಿನ ಏಳುಬೀಳನ್ನು ಪೂರ್ತಿ ಹೇಳುವುದು ಚರ್ಚಿನ ಗೋಡೆ. ಮೊದಲು ಮರದ ಪುಟ್ಟ ಗುಡಿ. ಆಮೇಲೆ ಕಲ್ಲಿನದು. ಜನ ಹೆಚ್ಚಿದಂತೆ ಎರಡೂ ಬದಿಗೆ ಕಮಾನು ತೆರೆದು ಹಜಾರ ಸೇರಿಸಿದರು. ಜನ ಕಡಿಮೆಯಾದ ಮೇಲೆ ಆ ಹಜಾರಗಳನ್ನು ಕೆಡವಿ ಕಮಾನುಗಳಿಗೆ ಕಲ್ಲು ಕಟ್ಟಿ ಮುಚ್ಚಿದರು. ಮುಚ್ಚಿದ ಕಮಾನಿನ ಆಕಾರ ಇಂದಿಗೂ ಗೋಡೆಯಲ್ಲಿ ಎದ್ದು ಕಾಣುತ್ತದೆ. 1349ರ ಪ್ಲೇಗಿನಲ್ಲಿ ಊರೊಡೆಯನೇ ಸತ್ತ. ಆದರೂ ಇಪ್ಪತ್ತು ವರ್ಷದ ನಂತರ 30ರಷ್ಟು ಮನೆಗಳಲ್ಲಿ ಜನ ಇದ್ದರು. 1458ರ ಲೆಕ್ಕದಲ್ಲಿ 16. 1500ರ ಆಸುಪಾಸಿಗೆ ಉಳಿದ ನಾಲ್ಕು ಮನೆಗಳನ್ನು ಆಗಿನ ಊರೊಡೆಯ ಬ್ಯಾರನ್ ಹಿಲ್ಟನ್ ಖಾಲಿ ಮಾಡಿಸಿ, ನಾಲ್ಕು ನೇಗಿಲು ನಿಲ್ಲಿಸಿದ ಎಂದು 1517ರ ವಿಚಾರಣೆಯ ದಾಖಲೆ ಹೇಳುತ್ತದೆ.

ಇಲ್ಲಿಯೇ ಇತಿಹಾಸಕಾರರ ನಡುವೆ ವಾದವಿದೆ. ಬೆರೆಸ್‌ಫರ್ಡ್ ತಮ್ಮ ಪುಸ್ತಕದಲ್ಲಿ ಕುರಿಗೂ ಕುರಿಯ ಧಣಿಗೂ ಹೆಚ್ಚಿನ ಹೊಣೆ ಹೊರಿಸಿದ್ದರು. ಕ್ರಿಸ್ಟೋಫರ್ ಡೈಯರ್ ಮೊದಲಾದವರು ಆಮೇಲೆ ತೋರಿಸಿದ್ದೇ ಬೇರೆ: ಬಹಳಷ್ಟು ಊರುಗಳು ಬೇಲಿ ಬರುವ ಮೊದಲೇ ಸೊರಗಿದ್ದವು, ಜನ ತಾವಾಗಿ ಬಿಟ್ಟುಹೋಗಿದ್ದರು, ಊರ ಕಟ್ಟಳೆ ಒಳಗಿನಿಂದಲೇ ಮುರಿದಿತ್ತು, ಧಣಿ ಬೇಲಿ ಹಾಕಿದ್ದು ಅರೆಜೀವದ ಊರಿಗೆ. ವಾರಮ್ ಪರ್ಸಿಯ 30, 16, 4 ಎಂಬ ಲೆಕ್ಕ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಒಪ್ಪುತ್ತೇನೆ. ಆದರೆ ಸೊರಗುವುದು ಒಂದು, ಕೊನೆಯಾಗುವುದು ಇನ್ನೊಂದು. ನೂರೈವತ್ತು ವರ್ಷ ಪ್ಲೇಗು, ಬರ, ವಲಸೆ ಎಲ್ಲವನ್ನೂ ತಡೆದು ಆ ನಾಲ್ಕು ಮನೆಯವರು ಅಲ್ಲೇ ನಿಂತಿದ್ದರು. ಸ್ಟ್ರೆಟನ್ನಿನಲ್ಲಿ ನಿಂತವರು 80 ಜನ, ಅದು ಸಾಯುತ್ತಿದ್ದ ಊರಲ್ಲ. ಅವರು ಎದ್ದದ್ದು ಒಬ್ಬ ಮನುಷ್ಯ ಒಂದು ದಿನ ಮಾಡಿದ ತೀರ್ಮಾನದಿಂದ. ಬೆಲೆ, ಜನಸಂಖ್ಯೆ, ಮಾರುಕಟ್ಟೆ ಎಂಬ ದೊಡ್ಡ ಕಾರಣಗಳ ನಡುವೆ ಆ ಮನುಷ್ಯನನ್ನು ಮರೆಸುವ ಇತಿಹಾಸ ಅರ್ಧ ಇತಿಹಾಸ.

ಜನ ಸುಮ್ಮನಿದ್ದರೇ ಎಂದರೆ, ಬಹಳ ಕಾಲ ಇದ್ದರು. ನಾಲ್ಕು ಮನೆಯವರು ಹೇಗೆ ದಂಗೆ ಏಳಬಲ್ಲರು? ಜನಸಂಖ್ಯೆ ಮತ್ತೆ ಏರತೊಡಗಿ ಜಮೀನಿಗೆ ಹಸಿವು ಹೆಚ್ಚಿದಾಗ ಕೋಪವೂ ಏರಿತು. 1549ರ ಜುಲೈಯಲ್ಲಿ ನಾರ್ಫೋಕ್‌ನಲ್ಲಿ ಬೇಲಿ ಕೀಳುತ್ತ ಬಂದ ಗುಂಪಿಗೆ ರಾಬರ್ಟ್ ಕೆಟ್ ಎಂಬ ಸ್ಥಿತಿವಂತ ತನ್ನ ಬೇಲಿಯನ್ನೂ ತಾನೇ ಕಿತ್ತುಕೊಟ್ಟು ಮುಂದಾಳಾದ. ನಾರಿಚ್ ಪಟ್ಟಣದ ಹೊರಗಿನ ದಿಬ್ಬದಲ್ಲಿ 16,000 ಜನ ಬೀಡುಬಿಟ್ಟರು. ಅಲ್ಲಿಯ ದೂರು ಊರು ಕೆಡವಿದ್ದಲ್ಲ, ಧಣಿಗಳ ಕುರಿಹಿಂಡು ಬಡವರ ಗೋಮಾಳವನ್ನೆಲ್ಲ ಮೇಯುತ್ತಿದೆ ಎಂಬುದು. ಆಗಸ್ಟ್ ಮುಗಿಯುವ ಮೊದಲು ದೊರೆಯ ಸೈನ್ಯ ಅವರನ್ನು ಕೊಚ್ಚಿಹಾಕಿತು. ಡಿಸೆಂಬರಿನಲ್ಲಿ ಕೆಟ್‌ನನ್ನು ನಾರಿಚ್ ಕೋಟೆಯ ಗೋಡೆಗೆ ನೇಣು ಹಾಕಿದರು.

ನಡುನಾಡು ಎದ್ದದ್ದು 1607ರ ಬೇಸಿಗೆಯಲ್ಲಿ, ರೌಸ್ ಎಣಿಸಿದ ಸೀಮೆಯಲ್ಲಿಯೇ. ನಾರ್ಥಾಂಪ್ಟನ್‌ಶೈರ್, ವಾರಿಕ್‌ಶೈರ್, ಲೆಸ್ಟರ್‌ಶೈರ್‌ಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸಾವಿರಗಟ್ಟಲೆ ಸೇರಿ ಬೇಲಿ ಕಿತ್ತರು, ಕಂದಕ ಮುಚ್ಚಿದರು. ಅವರ ಮುಂದಾಳು ಜಾನ್ ರೆನಾಲ್ಡ್ಸ್ ಊರೂರು ತಿರುಗುವ ಪಾತ್ರೆ ರಿಪೇರಿಯವನು. ಸೊಂಟದಲ್ಲಿ ಒಂದು ಚೀಲ ಕಟ್ಟಿಕೊಂಡು, ನಿಮ್ಮನ್ನು ಕಾಪಾಡುವುದು ಇದರೊಳಗಿದೆ ಎನ್ನುತ್ತಿದ್ದ. ಹಿಡಿದು ಬಿಚ್ಚಿ ನೋಡಿದಾಗ ಒಂದು ತುಂಡು ಗಿಣ್ಣು ಇತ್ತಂತೆ. ಬೇಲಿ ಮಾತ್ರ ಕೀಳಿ, ಯಾರ ಮೇಲೂ ಕೈ ಮಾಡಬೇಡಿ ಎಂದೂ ಅವನು ಹೇಳಿದ್ದ. ಜೂನ್ 8ರಂದು ನ್ಯೂಟನ್ ಎಂಬ ಹಳ್ಳಿಯಲ್ಲಿ, ಟ್ರೆಶಮ್ ಮನೆತನದ ಬೇಲಿಗಳ ಬಳಿ ಸುಮಾರು ಸಾವಿರ ಜನ ಸೇರಿದ್ದಾಗ ಅವರನ್ನು ಚದರಿಸಲು ಸ್ಥಳೀಯ ಪಡೆಗೆ ಹೇಳಿದರು. ಪಡೆಯ ಬಹುಪಾಲು ಜನ ಹಿಂಜರಿದರು. ಜಮೀನ್ದಾರರು ತಮ್ಮ ಮನೆಯ ಆಳುಗಳನ್ನು, ಕುದುರೆ ಸವಾರರನ್ನು ನುಗ್ಗಿಸಿದರು. ನಲವತ್ತು ಐವತ್ತು ಜನ ಅಲ್ಲೇ ಸತ್ತರು. ಮುಂದಾಳುಗಳನ್ನು ನೇಣಿಗೇರಿಸಿ, ದೇಹ ತುಂಡರಿಸಿ, ನೋಡುವವರಿಗೆ ಎಚ್ಚರಿಕೆಯಾಗಲೆಂದು ಪಟ್ಟಣಗಳಲ್ಲಿ ತೂಗುಹಾಕಿದರು.

ಸರಕಾರ ಆಮೇಲೆ ಬೇಲಿ ಹಾಕಿದವರ ಮೇಲೂ ವಿಚಾರಣೆ ನಡೆಸಿ ದಂಡ ವಸೂಲಿ ಮಾಡಿತು. 1624ರಲ್ಲಿ ಸಂಸತ್ತು ಊರು ಉಳಿಸುವ ಹಳೆಯ ಕಾಯ್ದೆಗಳಲ್ಲಿ ಹೆಚ್ಚಿನವನ್ನು ತೆಗೆದುಹಾಕಿತು. ಮುಂದಿನ ಶತಮಾನದಲ್ಲಿ ಬೇಲಿ ಹಾಕಿಸುವ ಕಾಯ್ದೆಗಳನ್ನು ಅದೇ ಸಂಸತ್ತು ಸಾವಿರಗಟ್ಟಲೆ ಮಾಡಿತು.

ನ್ಯೂಟನ್ನಿನ ದಂಗೆಯಲ್ಲಿ ಸೇರಿ ಬದುಕಿ ಉಳಿದವರಿಗೆ ದೊರೆ ಒಂದನೆಯ ಜೇಮ್ಸ್ ಕ್ಷಮೆ ಘೋಷಿಸಿದ. ಕ್ಷಮೆ ಬೇಕೆಂದವರು ಅಧಿಕಾರಿಗಳ ಮುಂದೆ ಬಂದು ತಪ್ಪೊಪ್ಪಿಕೊಂಡು ಹೆಸರು ಬರೆಸಬೇಕಿತ್ತು. ಆ ಪಟ್ಟಿ ನಾಶವಾಗದೆ ಉಳಿದಿದೆ. ನೂರಕ್ಕೂ ಹೆಚ್ಚು ಮಂದಿ ಅದರಲ್ಲಿದ್ದಾರೆ. ಹೆಚ್ಚಿನವರು ಸುತ್ತಮುತ್ತಲ ಊರುಗಳ ಕೂಲಿಗಳು, ಕಸುಬುದಾರರು, ಸಣ್ಣ ರೈತರು. ಒಬ್ಬೊಬ್ಬರ ಹೆಸರನ್ನೂ ಗುಮಾಸ್ತ ಬಿಡಿಸಿ ಬರೆದಿದ್ದಾನೆ.